ವೆಂಟಿಲೇಟರ್‌ನಲ್ಲಿರುವ ರೋಗಿ: ದಾದಿಯರ ಆರೈಕೆ, ಮನೆಯವರ ಹೊಣೆ

ಮಳೆಗಾಲದ ಒಂದು ರಾತ್ರಿಯನ್ನು ಊಹಿಸಿಕೊಳ್ಳಿ. ಗುಂಡ್ಲುಪೇಟೆ ತಾಲೂಕಿನ ಭೀಮನಬೀಡಿನಂತಹ ಊರು. ದಿನವಿಡೀ ಅರಿಶಿನದ ಹೊಲದಲ್ಲಿ ದುಡಿದು ಬಂದ ಮಗ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದಾನೆ. ನಡುರಾತ್ರಿ ಹೊಟ್ಟೆನೋವೆಂದು ಏಳುತ್ತಾನೆ. ಗ್ಯಾಸ್ ಇರಬೇಕೆಂದು ಅಮ್ಮಿ ಜೀರಿಗೆ ಕಷಾಯ ಕೊಡುತ್ತಾರೆ. ಫಜ್ರ್‌ನ ಅಝಾನ್ ಹೊತ್ತಿಗೆ ಅವನಿಗೆ ಕಣ್ಣಿನ ರೆಪ್ಪೆ ಎತ್ತಲಾಗುವುದಿಲ್ಲ, ಮಾತು ತೊದಲುತ್ತದೆ, ಉಗುಳು ನುಂಗಲಾಗುವುದಿಲ್ಲ. ಗುಂಡ್ಲುಪೇಟೆಯ ಆಸ್ಪತ್ರೆಯಲ್ಲಿ ಹಾವು ಕಚ್ಚಿರಬೇಕೆಂದು ಗುರುತಿಸಿ, ಚುಚ್ಚುಮದ್ದು ಶುರುಮಾಡಿ, ಆಂಬುಲೆನ್ಸ್‌ನಲ್ಲಿ ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತಾರೆ. ಅಲ್ಲಿ ವೈದ್ಯರು ಹೇಳುವ ಮೊದಲ ಮಾತು: “ಉಸಿರಾಟ ನಿಲ್ಲುತ್ತಿದೆ, ವೆಂಟಿಲೇಟರ್ ಹಾಕಬೇಕು. ಇಲ್ಲಿ ಸಹಿ ಮಾಡಿ.”

ಅಬ್ಬಾ ಸಹಿ ಮಾಡುವ ಮೊದಲೇ ಸುತ್ತಲಿದ್ದ ನೆಂಟರಲ್ಲಿ ಯಾರೋ ಒಬ್ಬರು ಪಿಸುಗುಟ್ಟುತ್ತಾರೆ: “ವೆಂಟಿಲೇಟರ್ ಹಾಕಿದರೆ ಮುಗಿದ ಹಾಗೆಯೇ. ಮನೆಗೆ ಕರೆದುಕೊಂಡು ಹೋಗೋಣ.”

ಈ ಮಾತನ್ನು ನೀವೂ ಕೇಳಿರುತ್ತೀರಿ. ಕೋವಿಡ್ ಕಾಲದ ನಂತರ ಈ ಭಯ ನಮ್ಮ ಮನೆಗಳಲ್ಲಿ ಇನ್ನಷ್ಟು ಗಟ್ಟಿಯಾಗಿದೆ. ಆದರೆ ಮೇಲಿನ ಉದಾಹರಣೆಯಲ್ಲಿ ಆ ಪಿಸುಮಾತಿಗೆ ಕಿವಿಗೊಟ್ಟರೆ ಬದುಕಬೇಕಾದ ಹುಡುಗ ದಾರಿಯಲ್ಲೇ ಸಾಯುತ್ತಾನೆ. ವೆಂಟಿಲೇಟರ್ ಎಂದರೇನು, ಅದರಲ್ಲಿರುವ ರೋಗಿಯನ್ನು ದಾದಿಯರು ಹೇಗೆ ನೋಡಿಕೊಳ್ಳುತ್ತಾರೆ, ಹೊರಗೆ ಬೆಂಚಿನ ಮೇಲೆ ಕುಳಿತ ನಾವು ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಈ ಲೇಖನದಲ್ಲಿ ತಿಳಿಯೋಣ.

ಯಂತ್ರ ಮಾಡುವುದೇನು?

ವೆಂಟಿಲೇಟರ್ ಯಾವ ರೋಗವನ್ನೂ ಗುಣಪಡಿಸುವುದಿಲ್ಲ. ಅದು ಉಸಿರಾಟದ ಕೆಲಸವನ್ನು ತಾತ್ಕಾಲಿಕವಾಗಿ ವಹಿಸಿಕೊಳ್ಳುತ್ತದೆ, ಅಷ್ಟೆ. ಬಾಯಿಯ ಮೂಲಕ ಶ್ವಾಸನಾಳಕ್ಕೆ ಒಂದು ಕೊಳವೆ ಇಳಿಸುತ್ತಾರೆ. ಯಂತ್ರವು ಆಮ್ಲಜನಕ ಬೆರೆಸಿದ ಗಾಳಿಯನ್ನು ಅಳತೆಯಿಟ್ಟು ಆ ಕೊಳವೆಯೊಳಗೆ ತಳ್ಳುತ್ತದೆ. ಅಷ್ಟರಲ್ಲಿ ಔಷಧಿ ತನ್ನ ಕೆಲಸ ಮಾಡಬೇಕು, ದೇಹ ಚೇತರಿಸಿಕೊಳ್ಳಬೇಕು. ಕಾಲು ಮುರಿದವನಿಗೆ ಊರುಗೋಲು ಇದ್ದಂತೆ ಎಂದುಕೊಳ್ಳಿ. ಮೂಳೆಯನ್ನು ಕೂಡಿಸುವುದು ಊರುಗೋಲಲ್ಲ, ಆದರೆ ಮೂಳೆ ಕೂಡುವವರೆಗೆ ಅದು ಬೇಕು.

ಹಾವು ಕಚ್ಚಿದವರು, ಹೊಲಕ್ಕೆ ಹೊಡೆಯುವ ಕೀಟನಾಶಕ ದೇಹಕ್ಕೆ ಸೇರಿದವರು, ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾದವರು, ತೀವ್ರ ನ್ಯುಮೋನಿಯಾ ಆದವರು, ದೊಡ್ಡ ಶಸ್ತ್ರಚಿಕಿತ್ಸೆಯಿಂದ ಹೊರಬಂದವರು ಹೀಗೆ ಅನೇಕರಿಗೆ ಇದು ಬೇಕಾಗುತ್ತದೆ. ಯಾರು ಎಷ್ಟು ಬೇಗ ಚೇತರಿಸಿಕೊಳ್ಳುತ್ತಾರೆ ಎಂಬುದು ಮೂಲ ಕಾಯಿಲೆಯ ಮೇಲೆ ನಿಂತಿದೆ. ಆದ್ದರಿಂದ “ವೆಂಟಿಲೇಟರ್ ಹಾಕಿದವರು ಉಳಿಯುವುದಿಲ್ಲ” ಎಂಬ ಮಾತಿಗೆ ಅರ್ಥವಿಲ್ಲ. “ಯಾವ ಕಾಯಿಲೆಗೆ ಹಾಕಿದ್ದಾರೆ?” ಎಂದು ಕೇಳುವುದೇ ಸರಿಯಾದ ಪ್ರಶ್ನೆ.

ಈ ಚಿಕಿತ್ಸೆ ಶುರುವಾದದ್ದೇ ಮನುಷ್ಯರ ಕೈಗಳಿಂದ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹಾವಳಿ ಎದ್ದಿತು. ಉಸಿರಾಟದ ಸ್ನಾಯುಗಳು ಸೋತು ಮಕ್ಕಳು ಸಾಯತೊಡಗಿದರು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು ರೋಗಿಯ ಗಂಟಲಿಗೆ ರಂಧ್ರ ಮಾಡಿ, ಕೊಳವೆ ಹಾಕಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಉಸಿರು ಕೊಡುವ ದಾರಿ ತೋರಿಸಿದರು. ಸುಮಾರು 1,500 ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲು ರಾತ್ರಿ ಕುಳಿತು ಚೀಲ ಒತ್ತಿದರು. ಅಂತಹ ರೋಗಿಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚಿದ್ದ ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗೆ ಇಳಿಯಿತು. ಇಂದಿನ ಐಸಿಯುಗಳ ಬೇರು ಅಲ್ಲಿದೆ. ಇವತ್ತು ಚೀಲದ ಜಾಗಕ್ಕೆ ಯಂತ್ರ ಬಂದಿದೆ. ಆದರೆ ರೋಗಿಯ ಪಕ್ಕದಲ್ಲಿ ಎಚ್ಚರವಾಗಿರುವ ಒಬ್ಬ ಮನುಷ್ಯ ಬೇಕೆಂಬುದು ಬದಲಾಗಿಲ್ಲ. ಆ ಮನುಷ್ಯರೇ ದಾದಿಯರು.

ಹಾವಿನ ನಂಜು: ಆಸೆ ಬಿಡಬೇಡಿ

ನಮ್ಮ ಭಾಗದವರು ಇದನ್ನು ವಿಶೇಷವಾಗಿ ತಿಳಿದಿರಬೇಕು. ಕಟ್ಟುಹಾವು ರಾತ್ರಿ ಹೊತ್ತು, ಹೆಚ್ಚಾಗಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಕಚ್ಚಿದ ಜಾಗದಲ್ಲಿ ಊತ ಇರುವುದಿಲ್ಲ, ನೋವು ಅಷ್ಟಾಗಿ ಇರುವುದಿಲ್ಲ, ಗುರುತೂ ಕಾಣದಿರಬಹುದು. ಹೊಟ್ಟೆನೋವು, ರೆಪ್ಪೆ ಜೋಲುವುದು, ಮಾತು ತೊದಲುವುದೇ ಮೊದಲ ಸುಳಿವು. ಅದರ ನಂಜು ನರಗಳಿಂದ ಸ್ನಾಯುಗಳಿಗೆ ಹೋಗುವ ಆಜ್ಞೆಯನ್ನು ತಡೆದುಬಿಡುತ್ತದೆ. ಒಮ್ಮೆ ಸ್ನಾಯು ಸೋತ ಮೇಲೆ ನಂಜಿನ ಮದ್ದು ಕೊಟ್ಟರೂ ಬಲ ತಕ್ಷಣ ಮರಳುವುದಿಲ್ಲ. ನರದ ತುದಿಗಳು ತಾವಾಗಿ ಸರಿಹೋಗಲು ದಿನಗಳು ಬೇಕು. ಆ ದಿನಗಳನ್ನು ದಾಟಿಸುವ ದೋಣಿಯೇ ವೆಂಟಿಲೇಟರ್.

ಇಲ್ಲಿ ಒಂದು ದೊಡ್ಡ ಅಪಾಯವಿದೆ. ನಂಜೇರಿದ ರೋಗಿ ಕಣ್ಣು ಬಿಡುವುದಿಲ್ಲ, ಬೆರಳು ಆಡಿಸುವುದಿಲ್ಲ, ಚಿವುಟಿದರೂ ಮಿಸುಕುವುದಿಲ್ಲ. ಕೆಲವೊಮ್ಮೆ ಕಣ್ಣಿನ ಪಾಪೆಗೆ ಟಾರ್ಚ್ ಬಿಟ್ಟರೂ ಅದು ಕಿರಿದಾಗುವುದಿಲ್ಲ. ನೋಡಿದವರಿಗೆ ಮಿದುಳು ಸತ್ತಂತೆ ತೋರುತ್ತದೆ. ಆದರೆ ಮಿದುಳು ಎಚ್ಚರವಾಗಿರಬಹುದು, ಕಿವಿಗೆ ಎಲ್ಲವೂ ಕೇಳಿಸುತ್ತಿರಬಹುದು. ಸತ್ತದ್ದು ಸ್ನಾಯುಗಳ ಚಲನೆ ಮಾತ್ರ, ಅದೂ ತಾತ್ಕಾಲಿಕವಾಗಿ. ಇಂತಹ ರೋಗಿಯನ್ನು ಮನೆಗೆ ಕರೆದೊಯ್ಯುವುದೆಂದರೆ ಜೀವಂತ ಮನುಷ್ಯನ ಉಸಿರು ಕಿತ್ತಂತೆ. ಆದ್ದರಿಂದ ಹಾವು ಕಚ್ಚಿದ ರೋಗಿಯ ಮಂಚದ ಪಕ್ಕ ನಿಂತು “ಇವನು ಉಳಿಯುವುದಿಲ್ಲ” ಎಂದು ಯಾರೂ ಮಾತಾಡಬೇಡಿ. ಅವನು ಅದನ್ನು ಕೇಳಿಸಿಕೊಳ್ಳುತ್ತಿರಬಹುದು.

ಹಾವು ಕಚ್ಚಿದಾಗ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡದಂತೆ ಇಟ್ಟು, ರೋಗಿಯನ್ನು ನಡೆಸದೆ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸಿ. ಊದಿಸುವುದು, ನಾಟಿ ಬೇರು ಅರೆದು ಕುಡಿಸುವುದು ಎಂದು ಕಳೆದ ಒಂದೊಂದು ಗಂಟೆಯೂ ಉಸಿರಾಟದ ಮೇಲೆ ಬೀಳುತ್ತದೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿದೆ. ಇದು ಎಷ್ಟು ಗಂಭೀರ ವಿಷಯ ಎಂಬುದಕ್ಕೆ ಅದೇ ಸಾಕ್ಷಿ.

ದಾರಿಯಲ್ಲಿ ಉಸಿರು ನಿಂತರೆ ಆಂಬುಲೆನ್ಸ್ ಸಿಬ್ಬಂದಿ ಅಂಬು ಚೀಲ ಒತ್ತುತ್ತಾರೆ. ಕೆಲವೊಮ್ಮೆ ನಿಮ್ಮ ಕೈಗೂ ಕೊಡಬಹುದು. ಗಾಬರಿಯಲ್ಲಿ ಪಟಪಟನೆ ಒತ್ತಬೇಡಿ. ದೊಡ್ಡವರಿಗೆ 5-6 ಸೆಕೆಂಡಿಗೆ ಒಮ್ಮೆ, ಎದೆ ಮೇಲೇಳುವಷ್ಟು ಮಾತ್ರ ಒತ್ತಿದರೆ ಸಾಕು. ಸಿಬ್ಬಂದಿ ಹೇಳಿದಂತೆ ಮಾಡಿ.

ದಾದಿಯರ ಕೈಯಲ್ಲಿರುವುದು ಏನೆಲ್ಲ?

ವೈದ್ಯರು ಯಂತ್ರದ ಅಳತೆಗಳನ್ನು ನಿರ್ಧರಿಸಿ ಮುಂದಿನ ರೋಗಿಯ ಬಳಿಗೆ ಹೋಗುತ್ತಾರೆ. 24 ಗಂಟೆಯೂ ಮಂಚದ ಪಕ್ಕ ಇರುವವರು ದಾದಿಯರು. ವೆಂಟಿಲೇಟರ್ ರೋಗಿಗೆ ಪಾಳಿಗೊಬ್ಬ ದಾದಿ ಇರಬೇಕೆಂಬುದು ಒಪ್ಪಿತ ಅಳತೆ. ಎಷ್ಟೋ ಕಡೆ ಒಬ್ಬರೇ ಇಬ್ಬರು ಮೂವರನ್ನು ನೋಡಿಕೊಳ್ಳುತ್ತಾರೆ. ಅವರು ಮಾಡುವ ಸಣ್ಣಪುಟ್ಟ ಕೆಲಸಗಳಂತೆ ಕಾಣುವ ಇವೇ ರೋಗಿಯನ್ನು ಉಳಿಸುತ್ತವೆ.

ತಲೆಯ ಭಾಗ ಎತ್ತರದಲ್ಲಿರಬೇಕು. ಬೆನ್ನಿಗೆ ಪೆಟ್ಟಾಗಿರುವುದು, ರಕ್ತದೊತ್ತಡ ಕುಸಿದಿರುವುದು ಮುಂತಾದ ಕಾರಣಗಳಿಲ್ಲದಿದ್ದರೆ ಮಂಚದ ತಲೆಭಾಗವನ್ನು 30ರಿಂದ 45 ಡಿಗ್ರಿ ಎತ್ತಿರಬೇಕು. ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯದಿರಲು ಇದು ಸರಳ ಉಪಾಯ. ಖರ್ಚಿಲ್ಲದ ಔಷಧಿ ಎಂದರೆ ಇದೇ.

ಬಾಯಿ ಸ್ವಚ್ಛವಾಗಿರಬೇಕು. ವೆಂಟಿಲೇಟರ್ ಹಾಕಿ 48 ಗಂಟೆ ಕಳೆದ ಮೇಲೆ ಬರುವ ನ್ಯುಮೋನಿಯಾ ಐಸಿಯುವಿನ ದೊಡ್ಡ ಶತ್ರು. ಬಾಯಿಯಲ್ಲಿ, ಹಲ್ಲಿನ ಮೇಲೆ ಬೆಳೆದ ಸೂಕ್ಷ್ಮಜೀವಿಗಳು ಉಗುಳಿನೊಂದಿಗೆ ಕೊಳವೆಯ ಪಕ್ಕದಿಂದ ಕೆಳಗೆ ಜಾರುವುದರಿಂದ ಅದು ಬರುತ್ತದೆ. ಹಿಂದೆ ಕ್ಲೋರ್‌ಹೆಕ್ಸಿಡಿನ್ ಎಂಬ ದ್ರಾವಣದಿಂದ ಬಾಯಿ ಒರೆಸುವುದೇ ನಿಯಮವಾಗಿತ್ತು. 2022ರಲ್ಲಿ ಅಮೆರಿಕದ ತಜ್ಞರ ಮಾರ್ಗಸೂಚಿ ಆ ದ್ರಾವಣವನ್ನು ಬಿಟ್ಟು, ದಿನವೂ ಮೃದುವಾದ ಬ್ರಷ್‌ನಿಂದ ಹಲ್ಲುಜ್ಜುವುದಕ್ಕೆ ಒತ್ತು ಕೊಟ್ಟಿತು. ಮಿಸ್ವಾಕ್‌ನ ಮಹತ್ವ ಬಲ್ಲ ನಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಆದರೆ ಐಸಿಯುವಿನಲ್ಲಿ ಆ ಕೆಲಸ ದಾದಿಯರದು. ನೀವಾಗಿ ಮಿಸ್ವಾಕ್ ತೆಗೆದು ರೋಗಿಯ ಬಾಯಿಗೆ ಹಾಕಬೇಡಿ.

ಕೊಳವೆ ಅಲುಗಬಾರದು. ಕೊಳವೆಯ ಮೇಲೆ ಸೆಂಟಿಮೀಟರ್ ಗುರುತುಗಳಿರುತ್ತವೆ. ಹಲ್ಲಿನ ಬಳಿ ಯಾವ ಅಂಕೆ ಇದೆ ಎಂದು ಪ್ರತಿ ಪಾಳಿಯಲ್ಲೂ ನೋಡಿ ಬರೆದಿಡುತ್ತಾರೆ. ಒಳಗೆ ಜಾರಿದರೆ ಒಂದೇ ಶ್ವಾಸಕೋಶಕ್ಕೆ ಗಾಳಿ ಹೋಗುತ್ತದೆ, ಹೊರಗೆ ಬಂದರೆ ಉಸಿರೇ ನಿಲ್ಲುತ್ತದೆ. ಕೊಳವೆಯ ತುದಿಯಲ್ಲಿ ಒಂದು ಪುಟ್ಟ ಬಲೂನು ಇದೆ. ಅದರ ಒತ್ತಡ 20ರಿಂದ 30 ಸೆಂ.ಮೀ. ನೀರಿನ ಮಟ್ಟದಷ್ಟಿರಬೇಕು. ಕಡಿಮೆಯಾದರೆ ಉಗುಳು ಒಳಗಿಳಿಯುತ್ತದೆ, ಹೆಚ್ಚಾದರೆ ಶ್ವಾಸನಾಳದ ಗೋಡೆಗೆ ಗಾಯವಾಗುತ್ತದೆ. ಬೆರಳಿನಿಂದ ಒತ್ತಿ ಅಂದಾಜು ಮಾಡುವುದಲ್ಲ, ಮಾಪಕದಿಂದ ಅಳೆಯಬೇಕು.

ಕಫ ತೆಗೆಯುವುದು ಇನ್ನೊಂದು ಸೂಕ್ಷ್ಮ ಕೆಲಸ. ರೋಗಿಗೆ ಕೆಮ್ಮಿ ಉಗಿಯಲು ಆಗುವುದಿಲ್ಲ. ಸಣ್ಣ ನಳಿಕೆ ಇಳಿಸಿ ಸಕ್ಷನ್ ಯಂತ್ರದಿಂದ ಎಳೆಯಬೇಕು. ಅದಕ್ಕೆ ಮೊದಲು ಹೆಚ್ಚು ಆಮ್ಲಜನಕ ಕೊಡುತ್ತಾರೆ. ಒಂದು ಸಲಕ್ಕೆ 15 ಸೆಕೆಂಡ್ ಮೀರಬಾರದು, ಏಕೆಂದರೆ ಆ ಹೊತ್ತಿನಲ್ಲಿ ರೋಗಿಗೆ ಉಸಿರಿಲ್ಲ. ಗಂಟೆ ನೋಡಿ ಮಾಡುವುದಕ್ಕಿಂತ ಕಫ ಕಟ್ಟಿದ ಲಕ್ಷಣ ಕಂಡಾಗ ಮಾಡುವುದು ಸರಿ. ನಿಮ್ಮೆದುರು ಮಾಡಿದರೆ ರೋಗಿ ಕೆಮ್ಮುವುದನ್ನು, ಕಣ್ಣೀರು ಬರುವುದನ್ನು ನೋಡಿ “ಹಿಂಸೆ ಕೊಡುತ್ತಿದ್ದಾರೆ” ಎಂದು ತಪ್ಪು ತಿಳಿಯಬೇಡಿ.

ಮಗ್ಗುಲು ಬದಲಿಸಬೇಕು. ಒಂದೇ ಕಡೆ ಮಲಗಿದ್ದರೆ ಬೆನ್ನು, ಸೊಂಟ, ಹಿಮ್ಮಡಿಯ ಚರ್ಮ ಕೊಳೆತು ಹಾಸಿಗೆ ಹುಣ್ಣಾಗುತ್ತದೆ. ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾರೆ. ಬೆವರು, ಮಲಮೂತ್ರ ತಾಗಿದ ಬಟ್ಟೆಯನ್ನು ಕೂಡಲೇ ತೆಗೆಯಬೇಕು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೈಕಾಲುಗಳನ್ನು ಆಡಿಸುತ್ತಾರೆ, ಬೇಕಾದವರಿಗೆ ಚುಚ್ಚುಮದ್ದು ಕೊಡುತ್ತಾರೆ. ರೆಪ್ಪೆ ಪೂರ್ತಿ ಮುಚ್ಚದ ರೋಗಿಯ ಕಣ್ಣು ಒಣಗಿ ಹುಣ್ಣಾಗಬಹುದು. ಅದಕ್ಕೆ ಮುಲಾಮು ಹಚ್ಚಿ ರೆಪ್ಪೆ ಮುಚ್ಚಿಡುತ್ತಾರೆ. ಜೀವ ಉಳಿದು ಕಣ್ಣು ಹೋದರೆ ಏನು ಬಂತು?

ಆಹಾರವೂ ಬೇಕು. ಹೊಟ್ಟೆ, ಕರುಳು ತಡೆದುಕೊಳ್ಳುವಂತಿದ್ದರೆ ಮೊದಲ 24ರಿಂದ 48 ಗಂಟೆಗಳಲ್ಲೇ ಮೂಗಿನ ನಳಿಕೆಯಿಂದ ದ್ರವ ಆಹಾರ ಶುರುಮಾಡುತ್ತಾರೆ. ಸಕ್ಕರೆ ಕಾಯಿಲೆ ಇದ್ದವರಿಗೆ ಸಕ್ಕರೆಯ ಮಟ್ಟ ಆಗಾಗ ನೋಡುತ್ತಾರೆ.

ನಿದ್ದೆಯ ಮದ್ದಿಗೂ ಅಳತೆಯಿದೆ. ಕೊಳವೆಯ ಕಿರಿಕಿರಿ ತಡೆಯಲು ನೋವಿನ, ನಿದ್ದೆಯ ಔಷಧಿ ಕೊಡುತ್ತಾರೆ. ಆದರೆ ಹೆಚ್ಚಾದಷ್ಟೂ ಯಂತ್ರದಿಂದ ಬಿಡಿಸುವುದು ತಡವಾಗುತ್ತದೆ. ಆದ್ದರಿಂದ ಕೂಗಿದರೆ ಕಣ್ಣು ಬಿಡುವಷ್ಟು ಹಗುರ ನಿದ್ದೆಯಲ್ಲಿಡುವುದು, ಅಥವಾ ದಿನಕ್ಕೊಮ್ಮೆ ಮದ್ದು ನಿಲ್ಲಿಸಿ ಎಚ್ಚರಿಸಿ ನೋಡುವುದು ಒಳ್ಳೆಯ ಪದ್ಧತಿ. ತಲೆಗೆ ಪೆಟ್ಟಾದವರಂತಹ ಕೆಲವರಿಗೆ ಇದು ಬೇರೆಯಾಗಿರುತ್ತದೆ.

ಕೈ ತೊಳೆಯುವುದು

ಮೇಲಿನ ಎಲ್ಲ ಕೆಲಸಗಳನ್ನೂ ಒಂದೇ ಕೊಳಕು ಕೈ ಹಾಳುಮಾಡಬಲ್ಲದು. ರೋಗಿಯನ್ನು ಮುಟ್ಟುವ ಮೊದಲು, ಮುಟ್ಟಿದ ನಂತರ, ಕೊಳವೆ ಅಥವಾ ಸೂಜಿಯ ಕೆಲಸಕ್ಕೆ ಮೊದಲು, ಉಗುಳು-ರಕ್ತ ತಾಗಿದ ಮೇಲೆ, ಮಂಚ ಮತ್ತು ಯಂತ್ರವನ್ನು ಮುಟ್ಟಿದ ಮೇಲೆ ಹೀಗೆ ಐದು ಸಂದರ್ಭಗಳಲ್ಲಿ ಕೈ ಶುದ್ಧಿ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಕೈಗವಸು ಹಾಕಿದ್ದರೂ ಇದು ತಪ್ಪದು.

ದಿನಕ್ಕೆ ಐದು ಹೊತ್ತು ವುಝೂ ಮಾಡುವ ನಾವು ನಮ್ಮ ಕೈ ಶುದ್ಧವೇ ಇದೆ ಎಂದುಕೊಳ್ಳುತ್ತೇವೆ. ಆದರೆ ವುಝೂ ಮಾಡಿ ಬಂದು ಲಿಫ್ಟ್‌ನ ಗುಂಡಿ, ಬಾಗಿಲ ಹಿಡಿ, ಮೊಬೈಲ್ ಮುಟ್ಟಿದ ಕೈಯಲ್ಲಿ ಮತ್ತೆ ಸೂಕ್ಷ್ಮಜೀವಿಗಳಿರುತ್ತವೆ. ಐಸಿಯು ಬಾಗಿಲಲ್ಲಿ ಸ್ಯಾನಿಟೈಸರ್ ಹಚ್ಚಲೇಬೇಕು. ಅದರಲ್ಲಿ ಆಲ್ಕೋಹಾಲ್ ಇದೆಯೆಂದು ಕೆಲವು ಹಿರಿಯರು ಹಿಂಜರಿಯುತ್ತಾರೆ. 2002ರ ಜನವರಿಯಲ್ಲಿ ಮಕ್ಕಾದಲ್ಲಿ ಸೇರಿದ ರಾಬಿತಾದ ಫಿಕ್ಹ್ ಮಂಡಳಿ ರೋಗಾಣು ಕೊಲ್ಲಲು ಹೊರಮೈಗೆ ಆಲ್ಕೋಹಾಲ್ ಬಳಸುವುದಕ್ಕೆ ಅನುಮತಿ ನೀಡಿದೆ. ಇನ್ನೂ ಸಂದೇಹವಿದ್ದರೆ ಸೋಪು ಮತ್ತು ನೀರಿನಿಂದ ಚೆನ್ನಾಗಿ ತೊಳೆದುಕೊಳ್ಳಿ. ತೊಳೆಯದೆ ಮಾತ್ರ ಒಳಗೆ ಹೋಗಬೇಡಿ.

ಅಲಾರಂ ಮತ್ತು ಆಮ್ಲಜನಕ

ಯಂತ್ರ ಕೂಗಿದಾಗಲೆಲ್ಲ ಮನೆಯವರ ಎದೆ ಝಲ್ಲೆನ್ನುತ್ತದೆ. ಕಫ ಕಟ್ಟಿದರೂ, ರೋಗಿ ಕೆಮ್ಮಿದರೂ, ನಳಿಕೆ ಮಡಿಚಿದರೂ, ಎಲ್ಲೋ ಜೋಡಣೆ ಕಳಚಿದರೂ ಅದು ಕೂಗುತ್ತದೆ. ಒಳ್ಳೆಯ ದಾದಿ ಮೊದಲು ಯಂತ್ರವನ್ನಲ್ಲ, ರೋಗಿಯ ಮುಖ ಮತ್ತು ಎದೆಯನ್ನು ನೋಡುತ್ತಾರೆ. ಕಾರಣ ಗೊತ್ತಾಗದಿದ್ದರೆ ಯಂತ್ರ ಬಿಡಿಸಿ ಅಂಬು ಚೀಲದಿಂದ ಉಸಿರು ಕೊಡುತ್ತಾರೆ. ಆ ಚೀಲ ಪ್ರತಿ ಮಂಚದ ಪಕ್ಕದಲ್ಲೂ ಇರಲೇಬೇಕು. ಅಲಾರಂ ನಿಲ್ಲಿಸಲು ನೀವು ಯಾವ ಗುಂಡಿಯನ್ನೂ ಒತ್ತಬೇಡಿ.

ಆಮ್ಲಜನಕವಿಲ್ಲದ ವೆಂಟಿಲೇಟರ್‌ನಿಂದ ಏನೂ ಪ್ರಯೋಜನವಿಲ್ಲ ಎಂಬುದನ್ನು ನಮ್ಮ ಜಿಲ್ಲೆಗೆ ಯಾರೂ ಹೇಳಿಕೊಡಬೇಕಿಲ್ಲ. 2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಮಂದಿ ತೀರಿಕೊಂಡರು. ಹೈಕೋರ್ಟ್ ನೇಮಿಸಿದ, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡರ ನೇತೃತ್ವದ ಸಮಿತಿ ಆಮ್ಲಜನಕದ ಕೊರತೆಯನ್ನು ಎತ್ತಿ ತೋರಿಸಿತು. ಆ ರಾತ್ರಿ ಮನೆಯವರನ್ನು ಕಳೆದುಕೊಂಡವರು ನಮ್ಮ ನಿಮ್ಮ ನಡುವೆ ಇದ್ದಾರೆ. ಆರೈಕೆಯ ಗುಣಮಟ್ಟ ಎಂದರೆ ದಾದಿಯರ ಶ್ರಮ ಒಂದೇ ಅಲ್ಲ. ಸಿಲಿಂಡರ್ ಎಣಿಕೆ, ಟ್ಯಾಂಕಿನ ಮಟ್ಟ, ಜನರೇಟರ್‌ನ ಡೀಸೆಲ್, ಪಾಳಿಗೆ ಬೇಕಾದಷ್ಟು ಸಿಬ್ಬಂದಿ ಇವೆಲ್ಲ ಸೇರಿ ಆಗುವುದು. ಈ ಹೊಣೆ ಆಡಳಿತದ್ದು. ಕೈಯಲ್ಲಿ ಏನೂ ಇಲ್ಲದ ರಾತ್ರಿ ಪಾಳಿಯ ದಾದಿಯ ಮೇಲೆ ಕೂಗಾಡಿದರೆ ಅದು ಬಗೆಹರಿಯುವುದಿಲ್ಲ. ಊರಿನ ಜಮಾಅತ್, ಪಂಚಾಯಿತಿ, ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಮೂಲಕ ಹಗಲು ಹೊತ್ತಿನಲ್ಲಿ, ಬರವಣಿಗೆಯಲ್ಲಿ ಕೇಳಬೇಕಾದ ವಿಷಯ ಅದು.

ಮನೆಯವರು ಏನು ಮಾಡಬೇಕು?

ರೋಗಿಯ ಭೇಟಿ ನಮ್ಮಲ್ಲಿ ಪುಣ್ಯದ ಕೆಲಸ. ಒಂದು ಜೀಪಿನಲ್ಲಿ ಹನ್ನೆರಡು ಮಂದಿ ಊರಿಂದ ಬರುತ್ತಾರೆ. ಆದರೆ ಐಸಿಯುವಿನಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿ ಒಳಗೆ ಹೋದರೆ ಸೋಂಕು ಹೋಗುತ್ತದೆ, ದಾದಿಯರ ಕೆಲಸ ಕೆಡುತ್ತದೆ. ಶೀತ, ಕೆಮ್ಮು ಇರುವವರು, ಚಿಕ್ಕ ಮಕ್ಕಳು ಹೊರಗಿರಲಿ. ಮನೆಯಿಂದ ಒಬ್ಬರನ್ನು ಆರಿಸಿ. ವೈದ್ಯರೊಡನೆ ಅವರೇ ಮಾತಾಡಲಿ, ಉಳಿದವರಿಗೆ ಅವರೇ ತಿಳಿಸಲಿ. ಹತ್ತು ಮಂದಿ ಹತ್ತು ಸಲ ಕೇಳಿದರೆ ಹತ್ತು ಅರ್ಥಗಳು ಹುಟ್ಟುತ್ತವೆ.

ಒಳಗೆ ಹೋದವರು ಮಾತಾಡಿ. ಕೈ ಹಿಡಿದು, ಕಿವಿಯ ಹತ್ತಿರ ಮೆಲ್ಲಗೆ, “ಅಬ್ಬಾ, ನಾನು ಬಂದಿದ್ದೇನೆ. ನೀವು ಮೈಸೂರಿನ ಆಸ್ಪತ್ರೆಯಲ್ಲಿದ್ದೀರಿ. ಇವತ್ತು ಶುಕ್ರವಾರ. ಗಂಟಲಲ್ಲಿ ಕೊಳವೆ ಇದೆ, ಅದಕ್ಕೇ ಮಾತು ಬರುತ್ತಿಲ್ಲ. ವಾಸಿಯಾದ ಮೇಲೆ ತೆಗೆಯುತ್ತಾರೆ” ಎಂದು ಹೇಳಿ. ದಿನ ರಾತ್ರಿ ಗೊತ್ತಾಗದ ಆ ಕೋಣೆಯಲ್ಲಿ ರೋಗಿಗಳಿಗೆ ಭ್ರಮೆ, ಗೊಂದಲ ಬರುವುದು ಸಾಮಾನ್ಯ. ಪರಿಚಿತ ದನಿ ಅದನ್ನು ಕಡಿಮೆ ಮಾಡುತ್ತದೆ. ಕನ್ನಡಕ, ಕಿವಿಯ ಯಂತ್ರ ಬಳಸುವವರಾಗಿದ್ದರೆ ಅವುಗಳನ್ನು ತಂದುಕೊಡಿ. ಮನೆಯಲ್ಲಿ ದಖನಿ ಉರ್ದು ಮಾತಾಡುವವರಾಗಿದ್ದರೆ ನೋವು, ನೀರು, ಸೆಕೆ, ಕಫ ಎಂಬ ನಾಲ್ಕು ಮಾತುಗಳನ್ನು ಉರ್ದುವಿನಲ್ಲಿ ಏನೆನ್ನುತ್ತಾರೆಂದು ಕನ್ನಡದಲ್ಲಿ ಬರೆದು ದಾದಿಯರಿಗೆ ಕೊಡಿ. ಎಚ್ಚರವಿರುವ ರೋಗಿಗೆ ಚಿತ್ರದ ಹಲಗೆ ತೋರಿಸಿ, ಕಣ್ಣು ಮಿಟುಕಿಸಿ ಉತ್ತರಿಸಲು ಹೇಳಿ. ಕುರ್‌ಆನ್ ಪಾರಾಯಣವನ್ನು ತಗ್ಗಿದ ದನಿಯಲ್ಲಿ ಓದಬಹುದು. ಪಕ್ಕದ ಮಂಚದಲ್ಲಿರುವವರೂ ರೋಗಿಗಳೇ ಎಂಬುದು ನೆನಪಿರಲಿ.

ಇನ್ನು, ಪ್ರೀತಿಯಿಂದಲೇ ಆಗುವ ಕೆಲವು ತಪ್ಪುಗಳಿವೆ. ಮೊದಲನೆಯದು, ಝಮ್‌ಝಮ್ ನೀರನ್ನೋ ಜೇನನ್ನೋ ರೋಗಿಯ ಬಾಯಿಗೆ ಹನಿಸುವುದು. ಕೊಳವೆ ಇರುವ ರೋಗಿಗೆ ನುಂಗಲಾಗುವುದಿಲ್ಲ. ನಾಲ್ಕು ಹನಿ ನೀರು ಕೂಡ ಬಾಯಿಯ ಸೂಕ್ಷ್ಮಜೀವಿಗಳನ್ನು ಹೊತ್ತು ಶ್ವಾಸಕೋಶದತ್ತ ಜಾರಬಹುದು. ಬೇಕೆನಿಸಿದರೆ ದಾದಿಯನ್ನು ಕೇಳಿ, ಅವರು ಒಪ್ಪಿದರೆ ತುಟಿಯನ್ನು ಹತ್ತಿಯಿಂದ ಒದ್ದೆ ಮಾಡಿಸಿ, ಅಷ್ಟೆ. ಎರಡನೆಯದು, ಕೊರಳಿಗೆ ತಾಯತ, ದಾರ ಕಟ್ಟುವುದು. ಅದು ಕೊಳವೆಯ ಪಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಮೂರನೆಯದು, ಊದುಬತ್ತಿ, ಲೋಬಾನ, ಲೈಟರ್. ಆಮ್ಲಜನಕ ಹೆಚ್ಚಿರುವ ಜಾಗದಲ್ಲಿ ಕಿಡಿ ಬಿದ್ದರೆ ಬೆಂಕಿ ಕ್ಷಣದಲ್ಲಿ ಹಬ್ಬುತ್ತದೆ. ನಾಲ್ಕನೆಯದು, ತಯಮ್ಮುಮ್‌ಗೆಂದು ಮಣ್ಣಿನ ಇಟ್ಟಿಗೆ ತರುವುದು. ಮಣ್ಣಿನ ಧೂಳಿನಲ್ಲಿ ಶ್ವಾಸಕೋಶಕ್ಕೆ ಕೆಡುಕಾಗುವ ಶಿಲೀಂಧ್ರಗಳಿರುತ್ತವೆ. ಎಚ್ಚರವಿರುವ ರೋಗಿಯ ನಮಾಝ್ ಬಗ್ಗೆ ಊರಿನ ಆಲಿಮರನ್ನು ಕೇಳಿ. ರೋಗಿಗೆ ಇರುವ ರಿಯಾಯಿತಿಗಳನ್ನು ಅವರು ತಿಳಿಸುತ್ತಾರೆ.

ಗಡ್ಡದ ವಿಷಯವೂ ಬರುತ್ತದೆ. ಕೊಳವೆ ಹಿಡಿದಿಡುವ ಅಂಟುಪಟ್ಟಿ ಗಡ್ಡದ ಮೇಲೆ ನಿಲ್ಲುವುದಿಲ್ಲ. ಕತ್ತಿನ ಹಿಂದಿನಿಂದ ಬಟ್ಟೆಪಟ್ಟಿ ಕಟ್ಟುವ ವಿಧಾನ ಇದೆ, ಮೊದಲೇ ಕೇಳಿಕೊಳ್ಳಿ. ತುರ್ತಿನಲ್ಲಿ ತೆಗೆಯಲೇಬೇಕಾದರೆ ಜಗಳವಾಡಬೇಡಿ. ಕೂದಲು ಮತ್ತೆ ಬೆಳೆಯುತ್ತದೆ. ಹೆಣ್ಣುಮಕ್ಕಳ ಸ್ನಾನ, ಬಟ್ಟೆ ಬದಲಾವಣೆಗೆ ಮಹಿಳಾ ದಾದಿ ಬೇಕು, ಪರದೆ ಎಳೆಯಬೇಕು ಎಂದು ಕೇಳುವುದು ನಿಮ್ಮ ಹಕ್ಕು. ಆದರೆ ಉಸಿರು ಕಟ್ಟಿದ ಹೊತ್ತಿನಲ್ಲಿ ಹತ್ತಿರವಿರುವ ಯಾರೇ ಆಗಲಿ ಕೈ ಹಾಕಬೇಕಾಗುತ್ತದೆ.

ಕೇಳಬೇಕಾದ ಪ್ರಶ್ನೆಗಳು

ವಿನಯದಿಂದ ಕೇಳಿದರೆ ಒಳ್ಳೆಯ ಆಸ್ಪತ್ರೆಯಲ್ಲಿ ಯಾರೂ ಬೇಸರಿಸುವುದಿಲ್ಲ. ದಿನಕ್ಕೊಮ್ಮೆ ಇವನ್ನು ಕೇಳಿ, ಪುಟ್ಟ ಪುಸ್ತಕದಲ್ಲಿ ಬರೆದಿಡಿ.

1. ಯಾವ ಕಾಯಿಲೆಗಾಗಿ ವೆಂಟಿಲೇಟರ್ ಹಾಕಿದ್ದೀರಿ? ಆ ಕಾಯಿಲೆ ಇಂದು ಹೇಗಿದೆ?
2. ಆಮ್ಲಜನಕ ನಿನ್ನೆಗಿಂತ ಹೆಚ್ಚು ಬೇಕಾಗಿದೆಯೇ, ಕಡಿಮೆಯೇ?
3. ಇಂದು ನಿದ್ದೆಯ ಮದ್ದು ಕಡಿಮೆ ಮಾಡಿ ಎಚ್ಚರಿಸಿ ನೋಡಿದಿರಾ?
4. ತಾನಾಗಿ ಉಸಿರಾಡುವ ಪರೀಕ್ಷೆ ಯಾವಾಗ ಮಾಡುತ್ತೀರಿ?
5. ಬೆನ್ನಿನಲ್ಲಿ ಹುಣ್ಣು ಇದೆಯೇ? ನಾವು ನೋಡಬಹುದೇ?
6. ಜ್ವರ, ಹೊಸ ಸೋಂಕು ಇದೆಯೇ? ಆಹಾರ ಹೋಗುತ್ತಿದೆಯೇ?

ತಲೆಭಾಗ ಎತ್ತರದಲ್ಲಿದೆಯೇ, ಅಂಬು ಚೀಲ ಪಕ್ಕದಲ್ಲಿದೆಯೇ, ಬಾಯಿ ಶುಭ್ರವಾಗಿದೆಯೇ ಎಂಬುದನ್ನು ಕೇಳಬೇಕಾಗಿಯೂ ಇಲ್ಲ, ಕಣ್ಣಿಗೆ ಕಾಣುತ್ತದೆ.

ಯಂತ್ರದಿಂದ ಬಿಡುಗಡೆ

ಕಾಯಿಲೆ ಹತೋಟಿಗೆ ಬಂದು, ಆಮ್ಲಜನಕದ ಅಗತ್ಯ ತಗ್ಗಿ, ರೋಗಿ ಎಚ್ಚರಗೊಂಡರೆ ಯಂತ್ರದ ಸಹಾಯ ಕಡಿಮೆ ಮಾಡಿ 30 ನಿಮಿಷದಿಂದ 2 ಗಂಟೆಯವರೆಗೆ ತಾನಾಗಿ ಉಸಿರಾಡಲು ಬಿಡುತ್ತಾರೆ. ಸುಸ್ತಾಗದಿದ್ದರೆ, ಕೆಮ್ಮಲು ಬಲವಿದ್ದರೆ ಕೊಳವೆ ತೆಗೆಯುತ್ತಾರೆ. ಮೊದಲ ಸಲ ಸೋತರೆ ಎದೆಗುಂದಬೇಡಿ, ಮತ್ತೆ ಪ್ರಯತ್ನಿಸುತ್ತಾರೆ. ಕೊಳವೆ ತೆಗೆದ ಕೂಡಲೇ ಟೀ, ಗಂಜಿ ಕುಡಿಸಬೇಡಿ. ನುಂಗುವ ಶಕ್ತಿ ಬಂದಿದೆಯೇ ಎಂದು ನೋಡಿದ ಮೇಲೆ ದಾದಿಯರೇ ಹೇಳುತ್ತಾರೆ.

ಬಹಳ ದಿನ ಬೇಕಾಗುವಂತಿದ್ದರೆ ಕತ್ತಿನಲ್ಲಿ ರಂಧ್ರ ಮಾಡಿ ಕೊಳವೆ ಹಾಕುವ ಟ್ರಕಿಯಾಸ್ಟಮಿಯ ಮಾತು ಬರುತ್ತದೆ. “ಗಂಟಲು ಕೊಯ್ಯುತ್ತಾರೆ” ಎಂದು ಹೆದರಬೇಡಿ. ಬಾಯಿ ಬಿಡುವಾಗುತ್ತದೆ, ನಿದ್ದೆಯ ಮದ್ದು ತಗ್ಗುತ್ತದೆ, ಕಫ ತೆಗೆಯುವುದು ಸುಲಭ. ವಾಸಿಯಾದ ಮೇಲೆ ಕೊಳವೆ ತೆಗೆದರೆ ಹೆಚ್ಚಿನವರಲ್ಲಿ ರಂಧ್ರ ತಾನಾಗಿ ಮುಚ್ಚಿಕೊಳ್ಳುತ್ತದೆ. ಕೊಳವೆಯೊಂದಿಗೇ ಮನೆಗೆ ಕಳುಹಿಸುವುದಾದರೆ ಕಫ ತೆಗೆಯುವುದನ್ನು ಮನೆಯ ಇಬ್ಬರು ದಾದಿಯರ ಎದುರಿನಲ್ಲೇ ಮಾಡಿ ಕಲಿಯದೆ ಹೊರಡಬೇಡಿ.

ಖರ್ಚು ಮತ್ತು ಕಠಿಣ ನಿರ್ಧಾರ

ಎಷ್ಟೋ ಮನೆಗಳು ರೋಗಿಯನ್ನು ಅರ್ಧದಲ್ಲೇ ಕರೆದೊಯ್ಯುವುದು ಹಣ ಮುಗಿದು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ ಸಿಗುತ್ತದೆ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಸರ್ಕಾರಿ ಆಸ್ಪತ್ರೆಯಿಂದ ಹೊರಡುವಾಗ ರೆಫರಲ್ ಚೀಟಿ ತೆಗೆದುಕೊಳ್ಳಿ. ದೊಡ್ಡ ಆಸ್ಪತ್ರೆಯಲ್ಲಿ ಮೊದಲ ದಿನವೇ ಆರೋಗ್ಯಮಿತ್ರರನ್ನು ಕಾಣಿ. ನಾಲ್ಕನೆಯ ದಿನ ಬಿಲ್ ನೋಡಿ ಕಂಗಾಲಾಗುವುದಕ್ಕಿಂತ ಅದು ಮೇಲು. ಊರಿನ ಜಮಾಅತ್‌ಗಳು ಇಂತಹ ಮನೆಗಳಿಗೆ ದಾರಿ ತೋರಿಸಬಲ್ಲ ಇಬ್ಬರು ಯುವಕರನ್ನು ಸಿದ್ಧಗೊಳಿಸಿದರೆ ಎಷ್ಟೋ ಉಪಕಾರವಾದೀತು.

ಎಲ್ಲರೂ ಉಳಿಯುತ್ತಾರೆಂದು ಯಾವ ವೈದ್ಯರೂ ಹೇಳಲಾರರು. ಆಯಸ್ಸು ಅಲ್ಲಾಹನ ಕೈಯಲ್ಲಿದೆ. ಚಿಕಿತ್ಸೆಯಿಂದ ಪ್ರಯೋಜನವಿಲ್ಲವೆಂದು ವೈದ್ಯರು ಹೇಳಿದರೆ ವರಾಂಡದಲ್ಲಿ ನಿಂತು, ನೆಂಟರ ಗುಂಪಿನ ಒತ್ತಡದಲ್ಲಿ ತೀರ್ಮಾನಿಸಬೇಡಿ. ಕುಳಿತು ಕೇಳಿ: ಮೂಲ ಕಾಯಿಲೆ ಯಾವುದು, ಮರಳಿ ಬರುವ ಸಾಧ್ಯತೆ ಇದೆಯೇ, ಇನ್ನೊಬ್ಬ ತಜ್ಞರ ಅಭಿಪ್ರಾಯವೇನು? ಯಂತ್ರ ಮುಂದುವರಿಸಬೇಕೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ ವೈದ್ಯರ ಮಂಡಳಿಗಳ ಕ್ರಮವನ್ನು ನಿಗದಿಪಡಿಸಿದೆ. ತಿಳಿದ ಆಲಿಮರೊಡನೆಯೂ ಮಾತಾಡಿ. ಯಾವ ತೀರ್ಮಾನವಾದರೂ ಕೊನೆಯ ಗಳಿಗೆಯವರೆಗೆ ನೋವಿಲ್ಲದ, ಶುಭ್ರವಾದ, ಮರ್ಯಾದೆಯ ಆರೈಕೆ ರೋಗಿಯ ಹಕ್ಕು.

ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್ (ರ)ರನ್ನು ಮದೀನಾದ ಮಸೀದಿಯ ಗುಡಾರವೊಂದರಲ್ಲಿ ರುಫೈದಾ (ರ) ಎಂಬ ಮಹಿಳೆ ಆರೈಕೆ ಮಾಡಿದ್ದನ್ನು ನಮ್ಮ ಚರಿತ್ರೆ ನೆನೆಯುತ್ತದೆ. ರಾತ್ರಿ ಎರಡು ಗಂಟೆಗೆ ನಿಮ್ಮ ಮನೆಯವರ ಬಾಯಿ ಒರೆಸಿ, ಮಗ್ಗುಲು ಬದಲಿಸಿ, ಕಣ್ಣಿಗೆ ಮುಲಾಮು ಹಚ್ಚುವ ಸಿಸ್ಟರ್ ಮಾಡುತ್ತಿರುವುದು ಅದೇ ಕೆಲಸ. ಅವರ ಹೆಸರು ಕೇಳಿ ತಿಳಿದುಕೊಳ್ಳಿ. ಪಾಳಿ ಮುಗಿಸಿ ಹೊರಡುವಾಗ ಒಂದು ಒಳ್ಳೆಯ ಮಾತು ಹೇಳಿ. ನಿಮ್ಮ ಮನೆಯವರಿಗಾಗಿ ದುಆ ಮಾಡುವಾಗ ಅವರನ್ನೂ ಸೇರಿಸಿಕೊಳ್ಳಿ.